ಅರಗು ತುಂಬಿದ ಕೊಳಲು

“ಗುರುಗಳೇ, ನನಗೆ ಕಲಿಸಿದವನೇ ನನಗೆ ಅನ್ಯಾಯ ಮಾಡಿದ್ದಾನೆ. ಕೋಪ ಇನ್ನೂ ಆರಿಲ್ಲ. ಮೊದಲು ಕ್ಷಮಿಸು, ಆಮೇಲೆ ಪಾಠ ಹೇಳು ಎನ್ನುತ್ತಾರೆ ಎಲ್ಲರೂ. ಈ ಕೋಪ ಇಟ್ಟುಕೊಂಡು ನಾನು ಇನ್ನೊಬ್ಬರಿಗೆ ಕಲಿಸಬಾರದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕೊಳಲುಗಾರನಿದ್ದ. ಒಂದು ಬೆಳಿಗ್ಗೆ ಎಂದಿನಂತೆ ಸಾಧನೆಗೆ ಕೂತಾಗ ಕೊಳಲು ಬಿರುಕು ಬಿಟ್ಟಿರುವುದು ಕಂಡಿತು. ಬೇಸಿಗೆಯಲ್ಲಿ ಬಿದಿರು ಸೀಳುವುದು ಹೊಸದಲ್ಲ. ಹೊಸ ದಾರ ಸುತ್ತಿ ಬಿಗಿಯೋಣವೆಂದು ಹಳೆಯ ದಾರ ಬಿಚ್ಚಿದ. ಧೈವತ ಸ್ವರ ನುಡಿಸುವ ರಂಧ್ರದ ಪಕ್ಕದಲ್ಲಿ, ದಾರದ ಅಡಿಯಲ್ಲಿ, ಅರಗು ಇತ್ತು. ಉಗುರಿನಿಂದ ಕೆರೆದು ನೋಡಿದ. ಸರಿಯಾದ ಜಾಗದಲ್ಲಿ ಕೊರೆದ ರಂಧ್ರದ ಮೇಲಂಚನ್ನು ಯಾರೋ ಅರಗಿನಿಂದ ಮುಚ್ಚಿದ್ದರು. ಕೆಳಗಂಚನ್ನು ಅರದಿಂದ ಸವೆಸಿದ್ದರು. ರಂಧ್ರ ಕೆಳಕ್ಕೆ ಸರಿದು ಸ್ವರ ಇಳಿಯುವಂತೆ ಮಾಡಿ, ಅದು ಕಾಣದಂತೆ ದಾರ ಸುತ್ತಿದ್ದರು.

ಆ ಕೊಳಲನ್ನು ಅವನಿಗೆ ಕೊಟ್ಟದ್ದು ಅವನ ಗುರು. ಕೊಳಲು ತುಟಿಗೆ ತಾಗುವ ವಾದ್ಯ, ಒಬ್ಬರದು ಇನ್ನೊಬ್ಬರಿಗೆ ಎಂಜಲು. ತಾನು ಕೊಟ್ಟದ್ದನ್ನು ಬಿಟ್ಟು ಬೇರೆ ಯಾವುದನ್ನೂ ಊದಕೂಡದು ಎಂಬುದು ಆ ಗುರುವಿನ ಕಟ್ಟಳೆ. ಧೈವತ ಶ್ರುತಿಗೆ ಸೇರುವುದಿಲ್ಲ, ಇಳಿದು ಕೇಳುತ್ತದೆ ಎಂದು ಚಿಕ್ಕವನಿದ್ದಾಗ ಇವನು ಹೇಳಿದ್ದುಂಟು. ಗುರು ಕೆನ್ನೆಗೆ ಹೊಡೆದು, “ಕೊಳಲನ್ನು ದೂರಬೇಡ, ನಿನ್ನ ಕಿವಿ ಸರಿಮಾಡಿಕೋ” ಎಂದಿದ್ದ. ಇವನು ಕಿವಿಯನ್ನೇ ನಂಬದೆ, ಆ ಸ್ವರ ಬಂದಾಗಲೆಲ್ಲ ಗದ್ದ ಎತ್ತಿ, ಕತ್ತು ಓರೆ ಮಾಡಿ, ಉಸಿರಿನಿಂದ ಅದನ್ನು ಮೇಲಕ್ಕೆ ತರುವುದನ್ನು ಕಲಿತ. ದೊಡ್ಡ ವಿದ್ವಾಂಸನಾದ. ಜನ ಆ ಓರೆ ಕತ್ತನ್ನು ನೋಡಿ, ಎಂಥ ಭಾವ ಎಂದರು.

ಅಂದು ಅವನು ಅಂಗಡಿಗೆ ಹೋಗಿ ಹೊಸ ಕೊಳಲು ತಂದು ಊದಿದ. ಧೈವತ ಶ್ರುತಿ ಮೀರಿ ಮೇಲೆ ಹೋಯಿತು. ಗದ್ದ ಏಳದಂತೆ ಮನೆಯವರ ಕೈಯಲ್ಲಿ ಹಿಡಿಸಿಕೊಂಡು ಊದಿದ. ಸ್ವರ ಸರಿಯಾಗಿ ನಿಂತಿತು. ಕೈ ಬಿಡಿಸಿದ. ಮತ್ತೆ ತಪ್ಪಿತು.

ಒಡೆದ ಕೊಳಲನ್ನು ಹಿಡಿದು ಗುರುವಿನ ಮನೆಗೆ ಹೋದ.

“ಇದು ನಿಮ್ಮ ಕೈಕೆಲಸವೇ?”

ಮುದುಕ ಕೊಳಲನ್ನು ತಿರುಗಿಸಿ ನೋಡಿದ. “ನೀನೂ ನನ್ನ ಮಗನೂ ಒಂದೇ ಪಾಠಕ್ಕೆ ಕೂರುತ್ತಿದ್ದಿರಿ. ಅವನು ವಾರದಲ್ಲಿ ಕಲಿಯುವುದನ್ನು ನೀನು ಸಂಜೆಯೊಳಗೆ ಕಲಿಯುತ್ತಿದ್ದೆ. ಹೆತ್ತವನು ಸುಮ್ಮನೆ ನೋಡುತ್ತಾ ಕೂರಬೇಕಿತ್ತೇನಯ್ಯಾ?” ಎಂದು ನಕ್ಕ. “ಆದರೂ ಗೆದ್ದವನು ನೀನೇ ತಾನೆ! ಜನ ಬರುವುದೇ ಆ ಕತ್ತು ನೋಡುವುದಕ್ಕೆ. ನನಗೊಂದು ಶಾಲು ಹೊದಿಸು.”

“ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ” ಎಂದು ಹೇಳಿ ಅವನು ಹೊರಟುಬಂದ.

ಊರಿನ ಹಿರಿಯರು ಅವನ ಮನೆಗೆ ಬಂದು ಬುದ್ಧಿ ಹೇಳಿದರು. ಗುರು ಗುರುವೇ, ಹೋಗಿ ಕಾಲಿಗೆ ಬೀಳು ಎಂದರು. ಅವರಲ್ಲಿ ಒಬ್ಬರಾದರೂ ಆ ಕೊಳಲನ್ನು ಕೈಗೆತ್ತಿ ನೋಡಲಿಲ್ಲ.

ಅವನು ಕತ್ತನ್ನು ನೇರ ಮಾಡಲು ಹೆಣಗಿದ. ಕಂಬಕ್ಕೆ ತಲೆ ಆನಿಸಿ ಕೂತು ಊದಿದ. ತಲೆ ನಿಂತರೆ ರಾಗವೂ ನಿಂತುಹೋಗುತ್ತಿತ್ತು. ಕೊನೆಗೆ ಕಛೇರಿಗಳನ್ನು ಬಿಟ್ಟ. ತನ್ನ ವಿದ್ಯೆಯಾದರೂ ನೇರವಾಗಿ ಉಳಿಯಲಿ ಎಂದು ಪಾಠ ಹೇಳಲು ಕೂತ. ಮೊದಲು ಬಂದವಳು ಒಬ್ಬ ಹುಡುಗಿ. ಅವಳಿಗೆ ಕೊಳಲನ್ನು ತಾನೇ ಆರಿಸಿ ಕೊಟ್ಟ, ಒಂದೊಂದು ರಂಧ್ರವನ್ನೂ ಪರೀಕ್ಷಿಸಿ. ತಾನು ಮಾತ್ರ ಹಳೆಯ ಕೊಳಲಿಗೇ ದಾರ ಬಿಗಿದು ನುಡಿಸಿ ತೋರಿಸಿದ. ಅವಳು ಚೆನ್ನಾಗಿ ಕಲಿತಳು. ಆದರೆ ಒಂದು ದಿನ ಧೈವತಕ್ಕೆ ಬಂದಾಗ ಅವಳ ಗದ್ದ ಮೇಲೆದ್ದಿತು. ಸ್ವರ ತಪ್ಪಿತು.

“ಯಾರಮ್ಮಾ ನಿನಗೆ ಹಾಗೆ ಹೇಳಿಕೊಟ್ಟದ್ದು?” ಎಂದು ಅವನು ಗದರಿದ.

“ಯಾರೂ ಇಲ್ಲ ಮೇಷ್ಟ್ರೇ,” ಎಂದಳು ಹುಡುಗಿ. “ನೀವು ಮಾಡುತ್ತೀರಲ್ಲ, ಅದನ್ನೇ ನೋಡಿಕೊಂಡೆ.”

ಅಂದು ಅವನಿಂದ ಪಾಠ ಮುಂದುವರಿಸಲು ಆಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, “ಕೊನೆಗಾದರೂ ಅವನು ತನ್ನ ಗುರುವನ್ನು ಕ್ಷಮಿಸಿದನೇ?” ಎಂದು ಕೇಳಿದ.

“ಇಲ್ಲ. ಮಾರನೆಯ ದಿನದಿಂದ ಪರದೆಯ ಹಿಂದೆ ಕೂತು ಪಾಠ ಹೇಳಿದ.”