ಬರಮಪ್ಪನ ಕವಳಿ ಬೇಲಿ

ಊರಾಚೆಯ ಕಲ್ಲು ಭೂಮಿಯಲ್ಲಿ ಬರಮಪ್ಪ ಎಂಬ ರೈತನಿದ್ದ. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಯಮನವ್ವ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನವೇ ಪಕ್ಕದ ಹೊಲದ ದುಂಡಪ್ಪ, "ಅಳಬ್ಯಾಡೋ ಬರಮ. ಇನ್ನೊಂದು ಲಗ್ನ ಆಗು. ಆಕಿಗೆ ಹೆಂಗೂ ಮಕ್ಕಳಾಗಿರಲಿಲ್ಲ" ಅಂದುಬಿಟ್ಟ. ಸಮಾಧಾನಕ್ಕೆಂದು ಆಡಿದ ಮಾತು. ಬರಮಪ್ಪನ ಎದೆಗೆ ನಾಟಿತು. ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಯಾರೂ ಒಳಗೆ ಬರದಂತೆ ಬೇಲಿ ಹಾಕಲು ಗುಡ್ಡದಿಂದ ಕವಳಿ ಎಂಬ ಮುಳ್ಳುಗಿಡದ ಹುಳಿ ಹಣ್ಣು ತಂದು, ಬೀಜ ತೆಗೆದು, ಸಸಿ ಮಾಡಿದ. ಮಳೆ ಹಿಡಿದ ಮೇಲೆ ಮನೆ, ಹೊಲದ ಸುತ್ತ ಒತ್ತೊತ್ತಾಗಿ ನೆಟ್ಟ. ಕವಳಿಗೆ ಒಳ್ಳೆಯ ಮಣ್ಣು ಬೇಡ. ಬೇರು ಹಿಡಿದ ಮೇಲೆ ಯಾರ ಆರೈಕೆಯೂ ಬೇಡ. ಕೆಲವು ವರ್ಷಗಳಲ್ಲೇ ಆಳೆತ್ತರ ಬೆಳೆದು, ಕವಲು ಮುಳ್ಳು ಹೆಣೆದುಕೊಂಡು ನಿಂತಿತು. ದುಂಡಪ್ಪನ ಕಡೆ ಒಂದು ಕೋಳಿ ನುಸುಳುವಷ್ಟೂ ಸಂದಿರಲಿಲ್ಲ.

ಹಬ್ಬಕ್ಕೆ, ಮದುವೆಗೆ ಕರೆಯಲು ಬಂದವರು ಬೇಲಿ ನೋಡಿ ಮರಳಿದರು. ಆಮೇಲೆ ಬರುವುದನ್ನೇ ಬಿಟ್ಟರು. ಬಿಳಿ ಹೂ ಅರಳಿ ಇಡೀ ಹೊಲ ಘಮ್ಮೆಂದಾಗ, "ಏ, ಇಲ್ನೋಡ" ಎಂದು ಹೇಳಲು ಅವನಿಗೆ ಯಾರೂ ಇರಲಿಲ್ಲ. ಕಾಯಿ ಹಣ್ಣಾಗಿ ಕಪ್ಪಗೆ ಉದುರುತ್ತಿತ್ತು. ಉಪ್ಪಿನಕಾಯಿ ಹಾಕುವವರೂ ಇರಲಿಲ್ಲ.

ಒಂದು ಮುಂಜಾನೆ ಬೇಲಿಯಾಚೆಯಿಂದ ದುಂಡಪ್ಪನ ಹೆಂಡತಿ ಕಾಶವ್ವ ಕೂಗಿದಳು.

"ಬರಮಣ್ಣಾ, ಮಗಳು ರೇಣವ್ವ ಬಸುರಿ ಅದಾಳ. ತಿಂದದ್ದೆಲ್ಲಾ ಕಾರ್ಕೋತಾಳ. ಕವಳಿಕಾಯಿ ಬೇಕಂತ ಒಂದ ಸಮನ ಅಳಾಕತ್ತಾಳ. ಈ ಕಡೀವು ದನಕಾಯವ್ರು ಹರಕೊಂಡ ಹೋಗ್ಯಾರ."

ದುಂಡಪ್ಪನ ಮಗಳು! ಬರಮಪ್ಪ ಮನೆಯತ್ತ ತಿರುಗಿ ನಾಲ್ಕು ಹೆಜ್ಜೆ ಹಾಕಿ ನಿಂತ. ಕೊನೆಗೆ ಟವೆಲ್ಲಿನಲ್ಲಿ ಕಾಯಿ ಕಟ್ಟಿ ಮೇಲಿಂದ ಎಸೆದ. ಗಂಟು ಮುಳ್ಳಿಗೆ ಸಿಕ್ಕಿ ಹರಿಯಿತು. ಕಾಯಿ ಚೆಲ್ಲಿದವು. ಕಾಶವ್ವ ಮಂಡಿಯೂರಿ, ಮುಳ್ಳಿನೊಳಗೆ ಕೈ ಹಾಕಿ ಒಂದೊಂದೇ ಆರಿಸತೊಡಗಿದಳು. ಎಲೆಗಳ ನಡುವೆ ಅವಳ ಮುಂಗೈಯಲ್ಲಿ ರಕ್ತ ಕಂಡಿತು.

"ಕೈ ತಗೀ ತಂಗಿ, ನಾ ಬರ್ತೀನಿ" ಎಂದ ಬರಮಪ್ಪ. ಕೊಡಲಿ ತಂದು ಗಿಡಗಳನ್ನು ಕಡಿದ. ಕಡಿದಲ್ಲೆಲ್ಲ ಹಾಲು ಸುರಿದು ಕೈಗೆ ಅಂಟಿತು. ಆದ ದಾರಿಯಲ್ಲೇ ಕಾಯಿ ತೆಗೆದುಕೊಂಡು ದುಂಡಪ್ಪನ ಮನೆಗೆ ಹೋದ.

ರೇಣವ್ವ ಕವಳಿಕಾಯಿಯನ್ನು ಉಪ್ಪು ಹಚ್ಚಿಕೊಂಡು ತಿಂದಳು. ಸ್ವಲ್ಪ ಹೊತ್ತಿಗೆ ತಾನೇ ಒಂದು ರೊಟ್ಟಿ ಕೇಳಿದಳು. ದುಂಡಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಯಮನವ್ವ ನನಗ ಸಾಕಾಗಿದ್ಲು ದುಂಡಪ್ಪ," ಎಂದ ಬರಮಪ್ಪ. "ಅವತ್ತ ನೀ ಹಂಗ ಅನಬಾರದಿತ್ತು."

ದುಂಡಪ್ಪನ ಮುಖ ಬಿಳಿಚಿತು. "ಹಂಗ ಅಂದಿದ್ನಾ? ತಪ್ಪಾತೋ. ನೀ ಯಾಕ ಸಿಟ್ಟಾದಿ ಅಂತ ನಾವು ಇಷ್ಟ ವರ್ಷ ತಿಳೀದ ಕುಂತೀವಿ. ಅವತ್ತ ಯಾಕ ಹೇಳಲಿಲ್ಲ?"

ಬರಮಪ್ಪ ಅಂಗೈಗೆ ಅಂಟಿದ ಕವಳಿ ಹಾಲನ್ನು ಉಜ್ಜಿ ತೆಗೆಯತೊಡಗಿದ. ಕಾಶವ್ವ ಅವನ ಮುಂದೆ ತಟ್ಟೆ ಇಟ್ಟಳು. ಬಹಳ ವರ್ಷಗಳ ಮೇಲೆ ಬೇರೆಯವರ ಕೈಯ ಬಿಸಿ ರೊಟ್ಟಿ. ಅದು ಮುಗಿಯುವ ಮೊದಲೇ ಅವನು ಇನ್ನೊಂದು ಕೇಳಿದ.

ನೀತಿ: ಮನಸ್ಸು ನೊಂದರೆ ನೋಯಿಸಿದವರಿಗೆ ಅಂದೇ ಹೇಳಿಬಿಡಬೇಕು. ಹೇಳದೆ ಉಳಿದ ನೋವು ಅವರಿಗೆ ತಿಳಿಯುವುದೇ ಇಲ್ಲ. ನಮ್ಮನ್ನು ಮಾತ್ರ ಒಂಟಿ ಮಾಡುತ್ತದೆ.