ಮೂರು ಉತ್ತರಕ್ಕೆ ಒಂದು ಕಾರು

"ಕೇಳಿರಪ್ಪೋ ಕೇಳಿ! ಸೂರಗಿರಿ ಅರಮನೆಯ ಕಾರು ಮಾರಾಟಕ್ಕಿದೆ. ಬೆಲೆ ಮೂರು ಉತ್ತರ. ಮಹಾಸ್ವಾಮಿಯವರ ಮೂರು ಒಗಟು ಬಿಡಿಸಿದವರಿಗೆ ಕಾರು, ಮೇಲೆ ಕೇಳಿದ್ದೊಂದು ವರ. ತಪ್ಪಿದವರಿಗೆ ಕೋಟೆಯ ನೆಲಮಾಳಿಗೆ, ಉಸಿರಿರುವ ತನಕ!"

ಡಂಗುರ ಪಂಕ್ಚರ್ ಅಂಗಡಿಯ ಮರಿಸ್ವಾಮಿಯ ಕಿವಿಗೂ ಬಿತ್ತು. ಅವನಪ್ಪ ಗಿಡ್ಡ ನಿಂಗಯ್ಯ ಆ ಕಾರಿನ ಡ್ರೈವರಾಗಿದ್ದವನು. ಹನ್ನೆರಡು ವರ್ಷದ ಹಿಂದೆ ಬೆಟ್ಟದ ತಿರುವಿನಲ್ಲಿ ರಾಜರ ಒಬ್ಬಳೇ ಮಗಳು, ಎಳೆಯ ಅಮ್ಮಣ್ಣಿ, ಆ ತೆರೆದ ಕಾರಿನಿಂದ ಎಗರಿಬಿದ್ದು ಸತ್ತಳು. ಕಾರಿಗೆ ಒಂದು ಗೀರೂ ಆಗಲಿಲ್ಲ. ತಪ್ಪು ನನ್ನದೇ ಎಂದು ಒಪ್ಪಿಕೊಂಡು ನಿಂಗಯ್ಯ ನೆಲಮಾಳಿಗೆ ಸೇರಿದ. ಅಂದಿನಿಂದ ಮಗ ಅಪ್ಪನ ಮುಖ ಕಂಡಿರಲಿಲ್ಲ.

"ಹೋಗಬ್ಯಾಡ ಕಣೋ, ಆ ಅರಮನೆ ಒಬ್ಬರನ್ನ ನುಂಗಿದ್ದು ಸಾಲದಾ?" ಎಂದು ತಾಯಿ ಅತ್ತಳು.

"ಗೆದ್ರೆ ಅಪ್ಪ ಆಚೆ ಬತ್ತಾನೆ, ಸೋತ್ರೆ ನಾನು ಒಳಕ್ಕೆ ಹೋಯ್ತೀನಿ. ಹೆಂಗಾದ್ರೂ ಅಪ್ಪನ್ನ ನೋಡ್ತೀನಲ್ಲವ್ವ" ಎಂದ ಮರಿಸ್ವಾಮಿ.

ಅರಮನೆಯ ಅಂಗಳದಲ್ಲಿ ಕಾರು ನೆಲ ಮುಟ್ಟುವ ಮುಸುಕು ಹೊದ್ದು ನಿಂತಿತ್ತು. ಮರಿಸ್ವಾಮಿಯ ಜೊತೆ ಮಿಲ್ಲಿನ ಸಾಹುಕಾರನೂ ನೆರೆನಾಡಿನ ಯುವರಾಜನೂ ಬಂದಿದ್ದರು.

"ಬಾಯಾರಿಕೆಯಿಲ್ಲದೆ ನೀರು ಕುಡಿಯುತ್ತದೆ. ಸಿಟ್ಟು ಬಂದಾಗ ಬಾಯಿ ತೆರೆಸಿದವನನ್ನು ಸುಡುತ್ತದೆ. ಏನದು?" ರಾಜರ ದನಿಯಲ್ಲಿ ಜೀವವೇ ಇರಲಿಲ್ಲ.

"ಬಚ್ಚಲ ಹಂಡೆ!" ಎಂದು ಸಾಹುಕಾರ ಬೀಗಿದ. ಪಾಪ, ಬೀಗಿ ಮುಗಿಯುವ ಮೊದಲೇ ಕಾವಲುಗಾರರು ಅವನನ್ನು ಎಳೆದೊಯ್ದರು. ಯುವರಾಜ ತನ್ನ ಬೂಟು ನೋಡತೊಡಗಿದ.

ಮರಿಸ್ವಾಮಿ ಅಂಗೈಯ ಕಲೆ ತೋರಿಸಿದ. "ರೇಡಿಯೇಟರ್, ಬುದ್ಧಿ. ಬಿಸಿಯಿದ್ದಾಗ ಮುಚ್ಚಳ ತಿರುಗ್ಸಿ ಸುಟ್ಕಂಡಿದ್ದು ಇದು."

"ನಾಲ್ವರು ಅಣ್ಣತಮ್ಮಂದಿರು. ಓಡಲೆಂದೇ ಹುಟ್ಟಿದವರು. ಹನ್ನೆರಡು ವರ್ಷದಿಂದ ನೆಲ ಮುಟ್ಟಿಲ್ಲ, ಬಿದ್ದೂ ಇಲ್ಲ. ಯಾರವರು?"

"ಮೋಡಗಳು!" ಎಂದ ಯುವರಾಜ, ಈ ಸಲ ತಾನೇ ಮುಂದಾಗಬೇಕೆಂಬ ಆತುರದಲ್ಲಿ. ಅವನೂ ಹೋದ.

"ಚಕ್ರಗಳು, ಬುದ್ಧಿ. ಓಡಿಸದ ಕಾರನ್ನ ಮರದ ದಿಮ್ಮಿ ಮೇಲೆ ಎತ್ತಿಕ್ತಾರೆ, ಟೈರು ಚಪ್ಪಟೆಯಾಗದೆ ಇರಲಿ ಅಂತ."

ರಾಜರು ಮುಸುಕು ತೆಗೆಸಿದರು. ಹಿತ್ತಾಳೆಯ ದೀಪ, ಚರ್ಮದ ಸೀಟು, ಎಲ್ಲವೂ ನಿನ್ನೆ ಕೊಂಡುತಂದ ಹಾಗೆ ಹೊಳೆಯುತ್ತಿದ್ದವು.

"ದಿನವೂ ಒರೆಸಿದ್ದಾರೆ, ಅಂದು ಇದ್ದದ್ದನ್ನು ಯಾರೂ ಕದಲಿಸಿಲ್ಲ. ಇದರೊಳಗೆ ಬಾಯಿಲ್ಲದ ಸಾಕ್ಷಿಯೊಂದಿದೆ. ಏನದು?"

ಮರಿಸ್ವಾಮಿ ಕಾರನ್ನು ಒಂದು ಸುತ್ತು ಬಂದು ನಿಂತುಬಿಟ್ಟ. ಅವ್ವನ ಹಳೆಯ ಹಸಿರು ಸೀರೆಯಲ್ಲಿ ಹೊಲಿದ ದಪ್ಪ ಮೆತ್ತೆ! ಅದನ್ನು ಕೆಳಗೆ ಹಾಕಿಕೊಳ್ಳದೆ ಗಿಡ್ಡ ಅಪ್ಪ ಕಾರು ಓಡಿಸಿದವನೇ ಅಲ್ಲ. ಆದರೆ ಮೆತ್ತೆ ಇದ್ದದ್ದು ಡ್ರೈವರಿನ ಪಕ್ಕದ ಸೀಟಿನಲ್ಲಿ. ಅಂದು ಕಾರಿನಲ್ಲಿ ಅಪ್ಪ, ಅಮ್ಮಣ್ಣಿಯನ್ನು ಬಿಟ್ಟರೆ ಇದ್ದವರು ರಾಜರೊಬ್ಬರೇ. ಹೇಳಿದರೆ ರಾಜರ ಮೇಲೇ ಆಪಾದನೆ, ಹೇಳದಿದ್ದರೆ ನೆಲಮಾಳಿಗೆ.

"ಆ ಮೆತ್ತೆ, ಬುದ್ಧಿ. ಅದಿಲ್ದೆ ನಮ್ಮಪ್ಪಂಗೆ ರಸ್ತೆ ಕಾಣಾಕಿಲ್ಲ. ಅವತ್ತು ಅವನು ಪಕ್ಕದಲ್ಲಿ ಕೂತಿದ್ದ. ಸ್ಟೇರಿಂಗ್ ಹಿಡಿದಿದ್ದು ಅವನಲ್ಲ."

"ಅವನಲ್ಲ, ನಾನು" ಎಂದರು ರಾಜರು. "ನನ್ನ ಮಾನ ಉಳಿಸಲು ಅವನು ತಪ್ಪು ಹೊತ್ತುಕೊಂಡ, ನಾನು ಹೊರಲು ಬಿಟ್ಟೆ. ನಾನಾಗಿ ಹೇಳುವ ಧೈರ್ಯ ಬರಲಿಲ್ಲ. ಯಾರಾದರೂ ಹೇಳಲಿ ಎಂದು ಡಂಗುರ ಹೊಡೆಸಿದೆ. ಕಾರು ನಿನ್ನದು. ವರ ಕೇಳು."

"ಅಪ್ಪನ್ನ ಕೊಡಿ, ಬುದ್ಧಿ."

ರಾಜರು ನೆಲಮಾಳಿಗೆಯಲ್ಲಿದ್ದವರನ್ನೆಲ್ಲ ಬಿಡಿಸಿದರು. ಸಾಹುಕಾರ, ಯುವರಾಜ ತಲೆತಗ್ಗಿಸಿ ಹೊರಬಂದರು. ಕೊನೆಗೆ ನಿಂಗಯ್ಯನನ್ನು ಕೈಹಿಡಿದು ಕರೆತಂದರು. ಆ ಕತ್ತಲಲ್ಲಿ ಅವನ ಕಣ್ಣು ಹೋಗಿತ್ತು. ಮರಿಸ್ವಾಮಿ ಮೆತ್ತೆಯನ್ನು ಡ್ರೈವರಿನ ಸೀಟಿಗಿಟ್ಟು ಅಪ್ಪನನ್ನು ಕೂರಿಸಿದ. ಮುದುಕನ ಬೆರಳು ಸ್ಟೇರಿಂಗನ್ನು ತಡವಿದವು. ಅವನು ಕತ್ತು ಹಿಂದಕ್ಕೆ ತಿರುಗಿಸಿದ.

"ಅಮ್ಮಣ್ಣಿಯವರು ಕೂತ್ಕಂಡ್ರಾ, ಬುದ್ಧಿ? ಗಟ್ಟಿಯಾಗಿ ಹಿಡ್ಕಳಕ್ಕೆ ಹೇಳಿ."

ರಾಜರು ಕಾರಿನ ಬಾಗಿಲು ಹಿಡಿದು ಅಲ್ಲೇ ಕುಸಿದರು.

ಮರಿಸ್ವಾಮಿ ಅಪ್ಪನನ್ನು ಬೆನ್ನ ಮೇಲೆ ಹೊತ್ತು, ಮೆತ್ತೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದ. ಕಾರು ಇನ್ನೂ ದಿಮ್ಮಿಗಳ ಮೇಲೆಯೇ ಇದೆ. ಕೊಳ್ಳುವವರಿಲ್ಲ.