ಅಂಬಿಗರ ಗಂಗವ್ವನ ಗಡ್ಡ

ಹೊಳೆದಂಡೆಯ ಆಶ್ರಮದಲ್ಲಿ ಶಿತಿಕಂಠನೆಂಬ ಶಿಷ್ಯನಿದ್ದ. ವಯಸ್ಸು ಮೂವತ್ತೆಂಟು, ಎದೆಮಟ್ಟದ ಗಡ್ಡ. ನೀರೆಂದರೆ ಪ್ರಾಣಭಯ. ಹೊಳೆ ದಾಟುವಾಗೆಲ್ಲ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ.

ಇಂಥವನು ಹರೆಯದ ಓದುಗರಿಗಾಗಿ ಒಂದು ಕಾದಂಬರಿ ಬರೆದ. ಹರಿಗೋಲು ನಡೆಸುವ ಹದಿನಾರರ ಹುಡುಗಿ ತನ್ನ ಕಥೆಯನ್ನು ತಾನೇ ಹೇಳಿಕೊಂಡಂತೆ. ಬರೆದವರ ಹೆಸರು ಅಂತ ಹಾಕಿದ್ದು, ಅಂಬಿಗರ ಗಂಗವ್ವ.

ಪ್ರಕಾಶಕರು ಮೆಚ್ಚಿಬಿಟ್ಟರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ ಎಂದರು. ಅಂಚೆ ಕಚೇರಿ ಇದ್ದದ್ದು ಆಚೆ ದಡದಲ್ಲಿ.

ಹೊರಡುವ ಮುಂಚೆ ಶಿತಿಕಂಠ ಗುರುಗಳ ಕಾಲಿಗೆ ಬಿದ್ದ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಗಂಗವ್ವ ಅಂದ್ರ ಯಾರಪಾ?" ಎಂದರು ಅಜ್ಜಾರು, ಪತ್ರದ ಮೇಲಿನ ಹೆಸರು ನೋಡಿ.

"ನಾನೇ ರೀ."

"ಆಕಿಗೆ ಗಡ್ಡ ಯಾವಾಗ ಬಂತು?"

"ಈಗ ಪ್ರಕಾಶಕರು ಇಂಥ ಹುಡುಗ್ಯಾರ ದನೀನೇ ಬೇಕಂತಾರ್ರಿ ಅಜ್ಜಾರ. ನನ್ನ ಹೆಸರು ಹಾಕಿದ್ರ ಯಾರೂ ಮೂಸಿ ನೋಡಂಗಿಲ್ಲ. ಆ ಹುಡುಗ್ಯಾರ ಸಲುವಾಗಿ ಮರುಗಿ ಬರದೀನ್ರಿ."

"ನಡಿ, ನಾನೂ ಬರ್ತೀನಿ."

ಹರಿಗೋಲು ನಡೆಸುತ್ತಿದ್ದವಳು ಸಾವಂತ್ರಿ. ಅಂಬಿಗರ ಹುಡುಗಿ, ಸರಿಯಾಗಿ ಹದಿನಾರು ವರ್ಷ. ಜೋಳಿಗೆಯಲ್ಲಿರುವ ಹಸ್ತಪ್ರತಿ ತೆಗೆದು ಅವಳಿಗೆ ಮೊದಲ ಅಧ್ಯಾಯ ಓದಿ ಹೇಳು ಎಂದರು ಅಜ್ಜಾರು. ಪಾಪ, ಶಿತಿಕಂಠ ಅಂದು ಕಣ್ಣು ಬಿಡಲೇಬೇಕಾಯಿತು.

ಕಥೆಯಲ್ಲಿ ಗಂಗವ್ವ ತೆರೆ ನೋಡಿ ಅಳುತ್ತಾಳೆ. ಚಂದ್ರನನ್ನು ನೋಡಿ ಅಳುತ್ತಾಳೆ. ಹರಿಗೋಲಿನ ತೂತು ನೋಡಿಯೂ ಅಳುತ್ತಾಳೆ.

ಸಾವಂತ್ರಿ ಬಿದ್ದು ಬಿದ್ದು ನಕ್ಕಳು. "ಹಿಂಗ ಅತ್ಕೋತ ಕುಂತ್ರ ಒಳಗಿನ ನೀರು ಯಾರು ಎತ್ತಿ ಹಾಕ್ತಾರ್ರಿ?"

ಶಿತಿಕಂಠನಿಗೆ ಮುಖಭಂಗವಾಯಿತು. "ಕತಿ ಬರಿಯೋದು ಅಂದ್ರ ನಿನಗೇನು ಗೊತ್ತವಾ?"

"ನಾನೂ ಒಂದು ಬರದಿದ್ದೆ ರೀ. ನಿಮ್ಮ ಕಿಸೇದಾಗಿನ ಪತ್ರದ ಮ್ಯಾಲ ಹೆಸರೈತಲ್ರಿ, ಅದೇ ಪ್ರಕಾಶಕರಿಗೆ ಕಳಿಸಿದ್ದೆ. ಅಂಬಿಗರ ಹುಡುಗಿ ಕತಿ ಈ ವರ್ಷಕ್ಕ ಒಂದು ಬಂದೈತಿ, ಇನ್ನೊಂದು ಬ್ಯಾಡ ಅಂತ ವಾಪಸ್ ಬಂತು."

ಶಿತಿಕಂಠ ಕಿಸೆಯಲ್ಲಿದ್ದ ಪತ್ರ ಮುಟ್ಟಿ ನೋಡಿಕೊಂಡ. ನಾಚಿಕೆಯೇನೋ ಆಯಿತು. ಪತ್ರ ಬಿಡಲು ಮಾತ್ರ ಮನಸ್ಸು ಬರಲಿಲ್ಲ.

"ಆಗಿದ್ದು ಆಗಿಹೋತು. ನೀ ಮುಂದಿನ ವರ್ಷ ಕಳಿಸವಾ," ಎಂದ.

ಅಜ್ಜಾರು ಸಾವಂತ್ರಿಯ ಕೈಯಿಂದ ಹುಟ್ಟು ಇಸಿದುಕೊಂಡು ಶಿಷ್ಯನ ಕೈಗಿಟ್ಟರು. ಶಿಷ್ಯನ ಕಿಸೆಯ ಪೆನ್ನು ತೆಗೆದು ಸಾವಂತ್ರಿಗೆ ಕೊಟ್ಟರು.

ನಡುಹೊಳೆಯಲ್ಲಿ ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು. ಅಂಚಿನಿಂದ ನೀರು ಒಳಗೆ ನುಗ್ಗಿತು. ಸಾವಂತ್ರಿ ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು, ಡಬ್ಬಿಯಿಂದ ನೀರು ಎತ್ತಿ ಹಾಕಲು ಶುರುಮಾಡಿದಳು. ಶಿತಿಕಂಠ ಗಂಗವ್ವನಿಗಿಂತ ಜೋರಾಗಿ ಅತ್ತ.

"ಅಜ್ಜಾರ, ನನಗ ನಡಸಾಕ ಬರಂಗಿಲ್ರಿ. ಮುಳುಗ್ತೀವ್ರಿ."

ಅಜ್ಜಾರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಆರಾಮಾಗಿ ಕೂತರು.

"ಹೊಳಿಗೆ ನಿನ್ನ ಹೆಸರು ಹೇಳು, ಗಂಗವ್ವಾ. ಪ್ರಕಾಶಕರು ನಂಬ್ಯಾರ. ಅದೂ ನಂಬಿ ದಡ ಮುಟ್ಟಸ್ತೈತಿ."